ಆಟಿಕೆ ಎತ್ತಿಡುವುದು ಮಗುವಿಗೂ ಸುಲಭವಾಗಬೇಕೆಂದರೆ: ಒಂದು ಸಮಗ್ರ ಮಾರ್ಗದರ್ಶಿ

‘ಆಡಿದ ಮೇಲೆ ಎತ್ತಿಡು’ ಎಂದು ಹೇಳಿ ಹೇಳಿ ಗಂಟಲು ಒಣಗಿದೆಯೇ? ಹಾಗಾದರೆ ಒಮ್ಮೆ ಮಗು ಆಡುವ ಜಾಗದಲ್ಲಿ ನೀವೇ ನೆಲದ ಮೇಲೆ ಕೂತು ಸುತ್ತ ನೋಡಿ. ಆಟಿಕೆ ಇಡಬೇಕಾದ ಶೆಲ್ಫ್ ಮಗುವಿನ ತಲೆಗಿಂತ ಎತ್ತರದಲ್ಲಿದೆಯೇ? ಡಬ್ಬದ ಮುಚ್ಚಳ ಬಿಗಿಯಾಗಿದೆಯೇ? ಕಾರನ್ನು ಇಡಬೇಕಾದ ಬುಟ್ಟಿಯಲ್ಲಿ ಆಗಲೇ ಗೊಂಬೆ, ಪಝಲ್ ತುಂಡು, ಮುರಿದ ಕ್ರೆಯಾನ್ ಎಲ್ಲ ತುಂಬಿ ತುಳುಕುತ್ತಿವೆಯೇ? ಹೌದಾದರೆ, ತಪ್ಪು ಮಗುವಿನ ಸ್ವಭಾವದ್ದಲ್ಲ, ವ್ಯವಸ್ಥೆಯದ್ದು.

ಬೇಕಾದ ಆಟಿಕೆಯನ್ನು ಮಗು ಹೇಗಾದರೂ ತೆಗೆದುಕೊಳ್ಳುತ್ತದೆ. ಕುರ್ಚಿ ಹತ್ತುತ್ತದೆ, ಇಡೀ ಡಬ್ಬವನ್ನೇ ಬುಡಮೇಲು ಮಾಡುತ್ತದೆ. ವಾಪಸ್ ಇಡುವಾಗ ಆ ಹುಮ್ಮಸ್ಸು ಇರುವುದಿಲ್ಲ. ಆದ್ದರಿಂದ ತೆಗೆಯುವುದಕ್ಕಿಂತ ಇಡುವುದು ಸುಲಭವಾಗಿರಬೇಕು. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ. ಶಿಸ್ತು ಕಲಿಸುವ ಕೆಲಸವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮೊದಲು ಆಟಿಕೆಗಳ ಸಂಖ್ಯೆ, ಆಮೇಲೆ ಜಾಗ, ಆಮೇಲೆ ಅಭ್ಯಾಸ. ಈ ಕ್ರಮ ತಿರುಗುಮುರುಗಾದರೆ ದಿನವೂ ಜಗಳ ತಪ್ಪಿದ್ದಲ್ಲ.

ಹಂತ 1: ಎಲ್ಲವನ್ನೂ ಒಂದೆಡೆ ಸುರಿಯಿರಿ

ಮನೆಯ ಮೂಲೆಮೂಲೆಯಲ್ಲಿರುವ ಆಟಿಕೆಗಳೆಲ್ಲ ಒಂದೇ ಕಡೆ ಬರಲಿ. ಸೋಫಾದ ಅಡಿ, ಹಾಸಿಗೆಯ ಹಿಂದೆ, ಬಾತ್‌ರೂಮಿನ ಬಕೆಟ್, ಹಳೆಯ ಬ್ಯಾಗು, ಅಡುಗೆಮನೆಯ ಡ್ರಾಯರ್, ಯಾವುದನ್ನೂ ಬಿಡಬೇಡಿ. ಕೋಣೆಕೋಣೆಗೆ ಬೇರೆ ಬೇರೆಯಾಗಿ ಮಾಡಲು ಹೋದರೆ ಒಟ್ಟು ಎಷ್ಟಿವೆ ಎಂಬುದು ಗೊತ್ತಾಗುವುದೇ ಇಲ್ಲ. ರಾಶಿ ಕಣ್ಣಮುಂದೆ ಬಿದ್ದಾಗ ಬಹುತೇಕ ಅಪ್ಪ ಅಮ್ಮಂದಿರು ಬೆಚ್ಚಿಬೀಳುತ್ತಾರೆ. ಬೀಳಲಿ, ಮುಂದಿನ ಹಂತಕ್ಕೆ ಆ ಬೆಚ್ಚು ಬೇಕು.

ಮಗು ಜೊತೆಗಿರಬೇಕೇ? ಮೂರು ವರ್ಷದೊಳಗಿನದಾದರೆ ಬೇಡ. ಅದು ಮಲಗಿದಾಗಲೋ ಹೊರಗೆ ಹೋದಾಗಲೋ ಮಾಡಿ ಮುಗಿಸಿ. ನಾಲ್ಕೈದು ದಾಟಿದ್ದರೆ ಖಂಡಿತ ಜೊತೆಗಿರಲಿ. ಅದಕ್ಕೆ ತಿಳಿಯದಂತೆ ಆಟಿಕೆ ಕಾಣೆಯಾದರೆ, ಮರುದಿನದಿಂದ ಅದು ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಳ್ಳಲು ಶುರುಮಾಡುತ್ತದೆ. ಆಮೇಲೆ ಮುರಿದ ಚಕ್ರವೊಂದನ್ನು ಎಸೆಯುವುದಕ್ಕೂ ಪಂಚಾಯಿತಿ ಸೇರಿಸಬೇಕಾಗುತ್ತದೆ.

ಹಂತ 2: ವಿಂಗಡಿಸಿ, ಆದರೆ ಮೊದಲು ಅಪಾಯದವನ್ನು ಹೆಕ್ಕಿ

ಚೆಂದ ಕಾಣುವಂತೆ ಜೋಡಿಸುವುದಕ್ಕೂ ಮುಂಚೆ ಸುರಕ್ಷತೆ ನೋಡಿ. ರಾಶಿಯೆಲ್ಲ ಒಂದೆಡೆ ಇರುವ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ.

ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಸಣ್ಣ ತುಂಡುಗಳು ಅದರ ಕೈಗೆ ಎಟುಕಬಾರದು. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ವ್ಯಾಸ ಸುಮಾರು 3.2 ಸೆಂ.ಮೀ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಈ ವಯಸ್ಸಿನವರಿಗೆ ಸಲ್ಲದು. ಮನೆಯಲ್ಲಿ ಪರೀಕ್ಷಿಸಲು ಟಾಯ್ಲೆಟ್ ಪೇಪರ್ ರೋಲಿನ ಒಳಗಿನ ರಟ್ಟಿನ ಕೊಳವೆ ಸಾಕು. ಅದು ಇನ್ನೂ ಸ್ವಲ್ಪ ಅಗಲವಿರುವುದರಿಂದ ಅದರಲ್ಲಿ ತೂರದ ವಸ್ತುವಿನ ಬಗ್ಗೆ ಹೆಚ್ಚು ಧೈರ್ಯವಾಗಿರಬಹುದು.

ಗುಂಡಿಯಾಕಾರದ ಸಣ್ಣ ಬ್ಯಾಟರಿಗಳ ವಿಷಯದಲ್ಲಿ ಸಡಿಲಿಕೆಯೇ ಬೇಡ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾಗಿ ಸುಡಬಲ್ಲದು. ಹಾಡುವ, ಮಿನುಗುವ ಪ್ರತಿ ಆಟಿಕೆಯನ್ನೂ ತಿರುಗಿಸಿ ನೋಡಿ: ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಬಿಗಿಯಾಗಿದೆಯೇ? ಇಲ್ಲದಿದ್ದರೆ ಮನೆಯಿಂದ ಹೊರಗೆ. ಬಿಡಿಬಿಡಿಯಾಗಿ ಬರುವ ಪುಟ್ಟ ಬಲಿಷ್ಠ ಅಯಸ್ಕಾಂತಗಳೂ ಹಾಗೆಯೇ. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಗೋಡೆಗಳ ಆಚೀಚೆಯಿಂದ ಒಂದನ್ನೊಂದು ಎಳೆದು ತೂತು ಮಾಡುತ್ತವೆ. ಎರಡರಲ್ಲಿ ಯಾವುದನ್ನು ನುಂಗಿದ ಅನುಮಾನ ಬಂದರೂ ಕಾದು ನೋಡುವುದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.

ಇಷ್ಟಾದ ಮೇಲೆ ಉಳಿದದ್ದನ್ನು ನಾಲ್ಕು ಗುಂಪು ಮಾಡಿ: ಮುರಿದದ್ದು, ವಯಸ್ಸು ದಾಟಿದ್ದು, ಈಗ ಆಡುತ್ತಿರುವುದು, ಆಡಬಹುದಾದರೂ ಸದ್ಯಕ್ಕೆ ಮರೆತದ್ದು. ‘ಯಾವುದು ಬೇಡ?’ ಎಂದು ಮಗುವನ್ನು ಕೇಳಿದರೆ ‘ಎಲ್ಲ ಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಒಂದೇ ಬಗೆಯವನ್ನು ಸಾಲಾಗಿಟ್ಟು, ‘ಇದರಲ್ಲಿ ನಿಂಗೆ ತುಂಬಾ ಇಷ್ಟವಾದ ಐದು ಕಾರು ಆರಿಸು’ ಎನ್ನಿ. ಬಿಟ್ಟುಕೊಡುವ ಕೆಲಸ ಆರಿಸಿಕೊಳ್ಳುವ ಕೆಲಸವಾಗುತ್ತದೆ. ಮಗು ಎಂದಿಗೂ ಬಿಟ್ಟಿರದ ಆ ಒಂದು ಕೊಳಕು ಮೊಲವನ್ನೋ ಕರಡಿಯನ್ನೋ ಮಾತ್ರ ಯಾವ ಲೆಕ್ಕಕ್ಕೂ ತರಬೇಡಿ. ಅದು ಆಟಿಕೆಯಲ್ಲ, ಮನೆಯ ಸದಸ್ಯ.

ಮುರಿದ ಪ್ಲಾಸ್ಟಿಕ್ ಆಟಿಕೆಯನ್ನು ‘ಯಾವಾಗಲಾದರೂ ಅಂಟಿಸೋಣ’ ಎಂದು ಎತ್ತಿಡುವವರು ಒಂದು ಗಡುವು ಹಾಕಿಕೊಳ್ಳಿ. ಈ ವಾರ ಅಂಟಿಸದಿದ್ದರೆ ಅದು ಕಸ. ಬೇರೆಯವರಿಗೆ ಕೊಡುವಂಥವನ್ನು ತೊಳೆದು, ತುಂಡುಗಳೆಲ್ಲ ಇವೆಯೇ ಎಂದು ಎಣಿಸಿ ಕೊಡಿ. ಅರ್ಧ ಪಝಲ್ ದಾನ ಮಾಡುವುದೆಂದರೆ ನಮ್ಮ ಕಸ ಇನ್ನೊಬ್ಬರ ಮನೆಗೆ ಸಾಗಿಸುವುದಷ್ಟೇ.

ಹಂತ 3: ಸ್ವಲ್ಪವೇ ಹೊರಗಿರಲಿ

ಇದೊಂದು ಹಂತವನ್ನು ಮಾಡಿ ಉಳಿದದ್ದನ್ನೆಲ್ಲ ಬಿಟ್ಟರೂ ಮನೆಯ ಚಹರೆ ಬದಲಾಗುತ್ತದೆ.

ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಂದಿಗೆ, ಇನ್ನೊಮ್ಮೆ 16 ಆಟಿಕೆಗಳೊಂದಿಗೆ ಆಡಲು ಬಿಟ್ಟಿದ್ದರು. ಆಟಿಕೆ ಕಡಿಮೆ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. 16 ಇದ್ದಾಗ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರು. ಚಿಕ್ಕ ಅಧ್ಯಯನ, ನಿಜ. ಆದರೆ ಇಷ್ಟೊಂದು ಆಟಿಕೆಗಳ ನಡುವೆ ಕೂತು ‘ಬೋರಾಗ್ತಿದೆ’ ಎನ್ನುವ ಮಗುವನ್ನು ಕಂಡವರಿಗೆ ಇದು ಹೊಸ ವಿಷಯವೇನಲ್ಲ.

ಮಾಡುವ ವಿಧಾನ ಸರಳ. ವಿಂಗಡಿಸಿ ಉಳಿಸಿಕೊಂಡ ಆಟಿಕೆಗಳನ್ನು ಮೂರೋ ನಾಲ್ಕೋ ಕಂತು ಮಾಡಿ. ಒಂದು ಕಂತು ಹೊರಗೆ, ಉಳಿದವು ಮಗುವಿನ ಕಣ್ಣಿಗೆ ಬೀಳದ ಕಡೆ. ಪ್ರತಿ ಕಂತಿನಲ್ಲೂ ಬೇರೆ ಬೇರೆ ಬಗೆಯ ಆಟ ಇರಲಿ: ಕಟ್ಟುವಂಥದ್ದು ಒಂದು, ತಲೆಗೆ ಕೆಲಸ ಕೊಡುವಂಥದ್ದು ಒಂದು, ಗೊಂಬೆಯೋ ಪ್ರಾಣಿಗಳೋ ಇರುವ ನಟನೆಯ ಆಟ ಒಂದು, ಬಣ್ಣ ಅಥವಾ ಜೇಡಿಮಣ್ಣಿನಂಥ ಕೈಕೆಲಸ ಒಂದು, ಓಡಾಡಿ ಆಡುವಂಥದ್ದು ಒಂದು. ಎಲ್ಲ ಕಾರುಗಳೂ ಒಂದೇ ಕಂತಿಗೆ ಸೇರಿದರೆ ಉಳಿದ ಕಂತುಗಳನ್ನು ಮಗು ತಿರುಗಿಯೂ ನೋಡುವುದಿಲ್ಲ.

ಯಾವಾಗ ಬದಲಾಯಿಸಬೇಕು? ಕ್ಯಾಲೆಂಡರ್ ನೋಡಿ ಬದಲಾಯಿಸುವುದಕ್ಕಿಂತ ಮಗುವನ್ನು ನೋಡಿ ಬದಲಾಯಿಸುವುದು ಮೇಲು. ಶೆಲ್ಫ್ ಮೇಲಿರುವ ಆಟಿಕೆಯನ್ನು ಮುಟ್ಟದೆ ದಿನಗಳು ಕಳೆದಿದ್ದರೆ, ಅಥವಾ ಮುಟ್ಟಿದ್ದನ್ನೆಲ್ಲ ಬರೀ ಎಸೆದಾಡುತ್ತಿದ್ದರೆ ಆ ಒಂದನ್ನಷ್ಟೇ ಒಳಗಿಟ್ಟು ಬೇರೊಂದನ್ನು ತನ್ನಿ. ದಿನವೂ ಆಡುತ್ತಿರುವ ಬ್ಲಾಕ್ಸ್ ಅನ್ನು ‘ಕಂತು ಮುಗಿಯಿತು’ ಎಂದು ಎತ್ತಿಡುವುದು ದಡ್ಡತನ. ಒಳಗಿಟ್ಟದ್ದನ್ನು ಮಗು ನೆನಪಿಟ್ಟು ಕೇಳಿದರೆ ಕೊಡಿ, ಬದಲಿಗೆ ಒಂದು ಒಳಗೆ ಹೋಗಲಿ. ಇದು ಶಿಕ್ಷೆಯಲ್ಲ, ಅದಲುಬದಲು ಎಂಬುದು ಮಗುವಿಗೆ ಹೀಗೆಯೇ ಅರ್ಥವಾಗುತ್ತದೆ.

ಎಷ್ಟು ಹೊರಗಿರಬೇಕು ಎಂಬುದಕ್ಕೆ ನನ್ನ ಅಳತೆಗೋಲು ಬೇರೆ. ಹೊರಗಿರುವ ಅಷ್ಟೂ ಆಟಿಕೆ ನೆಲದ ಮೇಲೆ ಹರಡಿಬಿದ್ದರೂ ನೀವೊಬ್ಬರೇ ಹತ್ತು ನಿಮಿಷದಲ್ಲಿ ಎತ್ತಿಡಬಲ್ಲಿರಾ? ಆಗದಿದ್ದರೆ ಹೊರಗಿರುವುದು ಹೆಚ್ಚಾಯಿತು. ದೊಡ್ಡವರಿಗೇ ಸುಸ್ತಾಗುವ ಕೆಲಸವನ್ನು ಮೂರು ವರ್ಷದ ಮಗುವಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಹಂತ 4: ಜಾಗ ಮತ್ತು ಬುಟ್ಟಿ

ಆಡುವ ಜಾಗದಲ್ಲೇ ಇಡುವ ಜಾಗವೂ ಇರಬೇಕು. ಮಗು ಹಾಲ್‌ನಲ್ಲಿ ಆಡುತ್ತಿದ್ದರೆ ಆಟಿಕೆಯನ್ನು ಒಳಕೋಣೆಯಲ್ಲಿಡುವ ಯೋಜನೆ ಕಾಗದದ ಮೇಲಷ್ಟೇ ಚೆಂದ.

ದೊಡ್ಡ ಪೆಟ್ಟಿಗೆಯ ಮೋಹ ಬಿಡಿ. ಎಲ್ಲವನ್ನೂ ಒಂದರೊಳಗೆ ತುಂಬಿ ಮುಚ್ಚಳ ಹಾಕಿದರೆ ಮನೆ ಚೊಕ್ಕಟವಾಗಿ ಕಾಣುತ್ತದೆ ನಿಜ, ಆದರೆ ತಳದಲ್ಲಿರುವ ಒಂದು ಕುದುರೆಗಾಗಿ ಮಗು ಇಡೀ ಪೆಟ್ಟಿಗೆಯನ್ನು ಮಗುಚಲೇಬೇಕು. ಜೊತೆಗೆ ಭಾರದ ಮುಚ್ಚಳ ಕೈ ಮೇಲೆ, ಕತ್ತಿನ ಮೇಲೆ ಬೀಳುವ ಅಪಾಯ. ಪೆಟ್ಟಿಗೆ ಆಗಲೇ ಇದೆ ಎಂದಾದರೆ ಮುಚ್ಚಳ ತೆಗೆದುಬಿಡಿ. ಅಥವಾ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ಕೀಲು ಹಾಕಿಸಿ. ಮಗು ಒಳಗೆ ಅವಿತುಕೊಂಡರೂ ಉಸಿರಾಡಲು ಗಾಳಿಕಿಂಡಿ ಇರಬೇಕು.

ಇಟಲಿಯ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ಆರಂಭಿಸಿದವರು. ಅವರ ಪದ್ಧತಿಯ ಕೋಣೆಗಳಲ್ಲಿ ಗಿಡ್ಡನೆಯ, ಬಾಗಿಲಿಲ್ಲದ ಶೆಲ್ಫುಗಳು, ಒಂದೊಂದು ವಸ್ತುವಿಗೂ ಒಂದೊಂದು ನಿಗದಿತ ಜಾಗ ಇರುತ್ತವೆ. ಮಗು ತಾನೇ ತೆಗೆದು ತಾನೇ ಇಡಬಲ್ಲದು. ಮನೆಯನ್ನು ಶಾಲೆ ಮಾಡಬೇಕಿಲ್ಲ, ಆದರೆ ಈ ಒಂದು ಏರ್ಪಾಡನ್ನು ಎರವಲು ಪಡೆಯಬಹುದು. ಮಗುವಿನ ಎದೆಯೆತ್ತರ ಮೀರದ ಶೆಲ್ಫ್, ಅದರಲ್ಲಿ ಮುಚ್ಚಳವಿಲ್ಲದ, ಆಳ ಕಡಿಮೆಯಿರುವ ಬುಟ್ಟಿ ಅಥವಾ ಟ್ರೇ. ತುಂಬಿದಾಗಲೂ ಮಗು ಎರಡು ಕೈಯಲ್ಲಿ ಎತ್ತಬಲ್ಲಷ್ಟು ಹಗುರ. ಬುಟ್ಟಿಯ ಮುಕ್ಕಾಲು ಭಾಗ ಮಾತ್ರ ತುಂಬಿ, ಉಳಿದ ಕಾಲು ಭಾಗ ಮಗುವಿನ ಅವಸರಕ್ಕೆ ಬೇಕು.

ಬುಟ್ಟಿ ಕೊಳ್ಳಲು ಓಡಬೇಡಿ. ವಿಂಗಡಣೆಗೂ ಮುಂಚೆ ಬಣ್ಣಬಣ್ಣದ ಡಬ್ಬ ತಂದವರ ಮನೆಯಲ್ಲಿ ಕೊನೆಗೆ ಆ ಡಬ್ಬಗಳೇ ಒಂದು ರಾಶಿಯಾಗುತ್ತವೆ. ಗಟ್ಟಿ ರಟ್ಟಿನ ಪೆಟ್ಟಿಗೆಗಳಲ್ಲಿ ಕೆಲವು ವಾರ ನಡೆಸಿ. ಯಾವುದು ಎಲ್ಲಿರಬೇಕು ಎಂಬುದು ನಿಶ್ಚಯವಾದ ಮೇಲೆ ಅಳತೆ ತೆಗೆದು ಕೊಳ್ಳಬಹುದು.

ಶೆಲ್ಫ್ ಗಿಡ್ಡವಿದ್ದರೂ ಗೋಡೆಗೆ ಬ್ರಾಕೆಟ್ ಹಾಕಿ ಬಿಗಿಯಿರಿ. ಮಕ್ಕಳಿಗೆ ಅದು ಏಣಿ. ಭಾರದ್ದನ್ನು ಕೆಳಗಿನ ಅರೆಯಲ್ಲಿಡಿ. ಮಗುವಿಗೆ ಪ್ರಿಯವಾದ ಯಾವುದನ್ನೂ ಹತ್ತಲೇಬೇಕಾದಷ್ಟು ಎತ್ತರದಲ್ಲಿ, ಕಣ್ಣಿಗೆ ಕಾಣುವಂತೆ ಇಡಬೇಡಿ.

ಲೇಬಲ್ ವಿಷಯ ಚಿಕ್ಕದು. ಓದಲು ಬಾರದ ಮಗುವಿಗೆ ಚಿತ್ರ, ಓದುವ ಮಗುವಿಗೆ ಚಿತ್ರದ ಜೊತೆ ಪದ. ಒಳಗಿರುವ ಆಟಿಕೆಯದೇ ಫೋಟೋ ತೆಗೆದು ಅಂಟಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದೇ ಚಿತ್ರವನ್ನು ಶೆಲ್ಫ್ ಮೇಲೂ ಅಂಟಿಸಿದರೆ ಬುಟ್ಟಿ ವಾಪಸ್ ಹೋಗಬೇಕಾದ ಜಾಗವೂ ತಿಳಿಯುತ್ತದೆ.

ಕೆಲವು ತಂಟೆಕೋರ ಆಟಿಕೆಗಳು

ಕಟ್ಟುವ ಇಟ್ಟಿಗೆ ತುಂಡುಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುವ ಹುಚ್ಚು ದೊಡ್ಡವರಿಗೆ. ನೋಡಲು ಸೊಗಸು, ಆಡಲು ಕಷ್ಟ: ಕೆಂಪು ರಾಶಿಯಲ್ಲಿ ಒಂದು ಸಣ್ಣ ಕೆಂಪು ಚಪ್ಪಟೆ ತುಂಡು ಹುಡುಕುವುದಕ್ಕಿಂತ, ಚಪ್ಪಟೆ ತುಂಡುಗಳ ರಾಶಿಯಲ್ಲಿ ಕೆಂಪನ್ನು ಹುಡುಕುವುದು ಎಷ್ಟೋ ಸಲೀಸು. ವಿಂಗಡಿಸಲೇಬೇಕೆಂದಿದ್ದರೆ ಆಕಾರದಂತೆ ಮಾಡಿ. ಆರು ವರ್ಷದೊಳಗಿನವರಿಗೆ ಅದೂ ಬೇಡ, ಎಲ್ಲ ಒಂದೇ ಅಗಲವಾದ ಟ್ರೇಯಲ್ಲಿ ಇರಲಿ. ನೆಲಕ್ಕೆ ಒಂದು ಹಳೆಯ ಬೆಡ್‌ಶೀಟ್ ಹಾಸಿ ಅದರ ಮೇಲೆ ಆಡಿಸಿ. ಆಟ ಮುಗಿದಾಗ ನಾಲ್ಕು ಮೂಲೆ ಹಿಡಿದು ಎತ್ತಿ ಸುರಿದರೆ ಮುಗಿಯಿತು. ಲೆಗೋದ ವಿಷಯ ಹೇಳುವುದಾದರೆ, 1958ರಲ್ಲಿ ಬಂದ ಅದರ ತುಂಡುಗಳು ಇಂದಿನವಕ್ಕೂ ಕೂಡಿಕೊಳ್ಳುತ್ತವೆ. ಹಳೆಯ ಸೆಟ್ಟಿನಲ್ಲಿ ಒಂದೆರಡು ತುಂಡು ಕಳೆದಿವೆಯೆಂದು ಎಸೆಯಬೇಕಿಲ್ಲ.

ಪಝಲ್ ತುಂಡುಗಳಿಗೆ ಜಿಪ್ ಇರುವ ಪೌಚ್. ಪ್ರತಿ ಪಝಲ್ಲಿನ ತುಂಡುಗಳ ಹಿಂಬದಿಗೂ ಒಂದೊಂದು ಗುರುತು ಹಾಕಿ: ಒಂದಕ್ಕೆ ಚುಕ್ಕೆ, ಒಂದಕ್ಕೆ ಗೆರೆ, ಒಂದಕ್ಕೆ ಸೊನ್ನೆ. ಮೂರು ಪಝಲ್ ಕಲಸಿಹೋದ ದಿನ ಈ ಐದು ನಿಮಿಷದ ಕೆಲಸದ ಬೆಲೆ ತಿಳಿಯುತ್ತದೆ.

ಬಟ್ಟೆಯ ಗೊಂಬೆಗಳು ಧೂಳಿನ ತವರು. ಲೇಬಲ್ಲಿನಲ್ಲಿ ಅನುಮತಿ ಇದ್ದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಧೂಳುಹುಳ ಸಾಯುತ್ತವೆ. ಒಗೆದ ಮೇಲೆ ಒಳಗಿನ ಹತ್ತಿಯೂ ಪೂರ್ತಿ ಒಣಗಬೇಕು. ಸ್ನಾನದ ಆಟಿಕೆಗಳಲ್ಲಿ ಅಡಿಯಲ್ಲಿ ತೂತಿರುವ ಬಾತುಕೋಳಿ ಬೇಡವೇ ಬೇಡ ಎನ್ನುತ್ತೇನೆ. ಒಳಗೆ ನಿಂತ ನೀರಿನಲ್ಲಿ ಬೂಸ್ಟು ಬೆಳೆಯುತ್ತದೆ, ಹಿಂಡಿದಾಗ ಅದೇ ನೀರು ಮಗುವಿನ ಮುಖಕ್ಕೆ. ತೂತಿಲ್ಲದ್ದು ಕೊಳ್ಳಿ, ಜಾಲರಿ ಚೀಲದಲ್ಲಿ ತೂಗುಹಾಕಿ.

ಬಣ್ಣ, ಕತ್ತರಿ, ಅಂಟು, ಮಿನುಗುಪುಡಿ: ಇವು ದೊಡ್ಡವರ ಎತ್ತರದಲ್ಲಿ. ಕ್ರೆಯಾನ್ ಮತ್ತು ಕಾಗದ ಮಾತ್ರ ಕೆಳಗೆ. ಇನ್ನು ಮಗು ಬರೆದ ಚಿತ್ರಗಳು! ಎಲ್ಲವನ್ನೂ ಇಟ್ಟುಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಒಂದು ಫೈಲು ಇಡಿ. ತುಂಬಿದಾಗ ಮಗುವೇ ಕೆಲವನ್ನು ಆರಿಸಲಿ, ಉಳಿದವುಗಳ ಫೋಟೋ ಸಾಕು.

ಹಂತ 5: ಅಭ್ಯಾಸ ಕಲಿಸುವುದು

ಈಗ ಮಗುವಿನ ಸರದಿ. ಹದಿನೆಂಟು ತಿಂಗಳ ಮಗುವಿಗೂ ಡಬ್ಬಕ್ಕೆ ತುಂಬುವುದು, ಸುರಿಯುವುದು ಬಹಳ ಖುಷಿಯ ಆಟ. ಯಾರಾದರೂ ಏನನ್ನೋ ಬೀಳಿಸಿದರೆ ಎತ್ತಿಕೊಡಲು ತಾನಾಗಿ ಬರುವ ವಯಸ್ಸದು. ಆಗಲೇ ಶುರುಮಾಡಿ, ಆದರೆ ‘ಕೆಲಸ’ ಎಂದಲ್ಲ. ಎರಡರಿಂದ ಮೂರು ವರ್ಷದವರಿಗೆ ಒಂದು ಸಲಕ್ಕೆ ಒಂದೇ ಸೂಚನೆ. ‘ಕೋಣೆ ಸ್ವಚ್ಛ ಮಾಡು’ ಎಂಬ ಮಾತಿನಲ್ಲಿ ಹತ್ತು ಕೆಲಸ ಅಡಗಿವೆ, ಅದಕ್ಕೆ ಎಲ್ಲಿಂದ ಶುರುಮಾಡಬೇಕೋ ತಿಳಿಯುವುದಿಲ್ಲ, ಹಾಗಾಗಿ ಅಲ್ಲೇ ಮಲಗಿ ಹೊರಳಾಡುತ್ತದೆ. ನಾಲ್ಕೈದರ ಹೊತ್ತಿಗೆ ಎರಡು ಮೂರು ಬಗೆಯನ್ನು ತಾನೇ ಬೇರ್ಪಡಿಸಬಲ್ಲದು. ಆರು ಏಳರಲ್ಲಿ ತನ್ನ ಶೆಲ್ಫಿನ ಹೊಣೆ ಹೊರಬಲ್ಲದು, ನೆನಪಿಸುವ ಕೆಲಸ ಮಾತ್ರ ನಿಮ್ಮದು.

ಮೂರು ವರ್ಷದ ಮಗುವಿನೊಂದಿಗೆ ಇದು ಹೇಗಿರುತ್ತದೆ ನೋಡಿ. ಸಂಜೆ, ನೆಲದ ತುಂಬ ಕಾರು, ಬ್ಲಾಕ್ಸ್. ಅಮ್ಮ ಅಡುಗೆಮನೆಯಿಂದ ಕೂಗುವುದಿಲ್ಲ. ಬಂದು ನೆಲದ ಮೇಲೆ ಕೂರುತ್ತಾಳೆ, ಕಾರಿನ ಬುಟ್ಟಿಯನ್ನು ಮಗುವಿನ ಕಡೆಗೆ ವಾಲಿಸಿ ಹಿಡಿಯುತ್ತಾಳೆ.

‘ಪುಟ್ಟಾ, ಕಾರೆಲ್ಲ ಮನೆಗೆ ಹೋಗೋ ಹೊತ್ತಾಯ್ತು. ಮೊದಲು ಯಾವುದು ಹೋಗುತ್ತೆ?’

‘ಕೆಂಪುದು.’

‘ಹ್ಞಾಂ, ಬಿಡು ನೋಡೋಣ.’

ಒಂದು ಒಳಗೆ ಹೋಗುತ್ತದೆ. ಎರಡನೆಯದನ್ನು ಅಮ್ಮ ಹಾಕುತ್ತಾಳೆ, ಮೂರನೆಯದು ಮಗುವಿನದು. ನಾಲ್ಕನೆಯದಕ್ಕೆ ಮಗು ಮತ್ತೆ ಆಡಲು ಶುರುಮಾಡುತ್ತದೆ, ಗೋಡೆಯವರೆಗೂ ಓಡಿಸುತ್ತದೆ. ‘ಒಂದು ರೌಂಡ್ ಹೊಡೆಸಿ ಆಮೇಲೆ ಹಾಕು’ ಎಂದು ಆಕೆ ಕಾಯುತ್ತಾಳೆ. ಮೊದಮೊದಲು ಮುಕ್ಕಾಲು ಪಾಲು ಕೆಲಸ ದೊಡ್ಡವರದೇ. ಅದರಲ್ಲಿ ಸೋಲೇನಿಲ್ಲ, ಕಲಿಸುವುದೇ ಹೀಗೆ. ದಿನ ಕಳೆದಂತೆ ನಿಮ್ಮ ಕೈ ಹಿಂದೆ ಸರಿಯಲಿ.

ಸಮಯ ಆರಿಸುವುದರಲ್ಲಿ ಅರ್ಧ ಗೆಲುವಿದೆ. ನಿದ್ದೆಗಣ್ಣಿನ ಮಗುವಿಗೆ, ಹಸಿದ ಮಗುವಿಗೆ ಈ ಪಾಠ ಬೇಡ. ಊಟಕ್ಕೆ ಮುಂಚೆ, ಹೊರಗೆ ಹೋಗುವ ಮುಂಚೆ, ಹೀಗೆ ಮುಂದೆ ಏನೋ ಒಳ್ಳೆಯದು ಕಾದಿರುವ ಹೊತ್ತಿಗೆ ಅದನ್ನು ಜೋಡಿಸಿ. ದಿನವೂ ಅದೇ ಹೊತ್ತು. ಆಟದ ನಡುವೆ ದಿಢೀರನೆ ನಿಲ್ಲಿಸಬೇಡಿ, ‘ಇನ್ನು ಐದು ನಿಮಿಷ’ ಎಂಬ ಮುನ್ಸೂಚನೆ ಕೊಡಿ. ಗಡಿಯಾರ ತಿಳಿಯದ ಮಗುವಿಗೆ ಒಂದು ಹಾಡು ಸಾಕು: ಹಾಡು ಮುಗಿಯುವುದರೊಳಗೆ ಎಷ್ಟು ಎತ್ತಿಡಬಹುದು?

ಮಗು ಮೂರು ದಿನದಿಂದ ಕಟ್ಟುತ್ತಿರುವ ಕೋಟೆಯನ್ನು ಕೆಡವಿಸಿ ಡಬ್ಬ ತುಂಬಿಸಬೇಡಿ. ಕಟ್ಟಿದ್ದನ್ನು ಉಳಿಸಲು ಒಂದು ಹಲಗೆ ಅಥವಾ ಟ್ರೇ ಇರಲಿ. ಅದರ ಮೇಲೆ ಏನಿದ್ದರೂ ಯಾರೂ ಮುಟ್ಟುವಂತಿಲ್ಲ. ಜಾಗ ಒಂದೇ ಆದ್ದರಿಂದ ಹೊಸ ಕೋಟೆ ಬೇಕೆಂದರೆ ಹಳೆಯದು ಹೋಗಬೇಕು ಎಂಬ ಲೆಕ್ಕ ಮಗುವಿಗೇ ಬರುತ್ತದೆ.

ಚಾಕೊಲೇಟಿನ ಆಮಿಷ ಮತ್ತು ಬೆದರಿಕೆ

‘ಎತ್ತಿಟ್ಟರೆ ಚಾಕೊಲೇಟ್’ ಎನ್ನುವ ಮುನ್ನ ಎರಡು ಪ್ರಯೋಗಗಳನ್ನು ನೆನೆಯಿರಿ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಮಾತು ಕೊಟ್ಟು ಬರೆಸಿದರು. ಮುಂದೆ ಬಹುಮಾನವಿಲ್ಲದಾಗ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಬರೆದರು. 2008ರಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲೊ 20 ತಿಂಗಳ ಮಕ್ಕಳಲ್ಲಿ ಇಂಥದ್ದೇ ಕಂಡರು: ನೆರವಾದದ್ದಕ್ಕೆ ಆಟಿಕೆಯ ಬಹುಮಾನ ಪಡೆದ ಮಕ್ಕಳು ಆಮೇಲೆ ನೆರವಾಗುವುದು ಕಡಿಮೆಯಾಯಿತು. ತಾನಾಗಿ ಬರುವ ಉತ್ಸಾಹಕ್ಕೆ ಕೂಲಿ ಕಟ್ಟಿದರೆ ಕೂಲಿ ನಿಂತ ದಿನ ಉತ್ಸಾಹವೂ ನಿಲ್ಲಬಹುದು. ‘ಎಲ್ಲ ಪ್ರಾಣಿಗಳನ್ನೂ ನೀನೇ ಬುಟ್ಟಿಗೆ ಹಾಕಿದೆ, ಈಗ ನಡೆಯೋಕೆ ದಾರಿ ಆಯ್ತು’ ಎಂದು ಕಂಡದ್ದನ್ನು ಕಂಡಂತೆ ಹೇಳುವುದು ಮೆಚ್ಚುಗೆಗೆ ಸಾಕು.

‘ಎತ್ತಿಡದಿದ್ದರೆ ಎಲ್ಲ ಕಸಕ್ಕೆ’ ಎಂಬ ಬೆದರಿಕೆ ಇನ್ನೂ ಕೆಟ್ಟದ್ದು. ನೀವು ಎಸೆಯುವುದಿಲ್ಲವೆಂದು ಎರಡನೇ ದಿನವೇ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಬೇರೆ ಮಾತಿಗೂ ಬೆಲೆಯಿಲ್ಲ. ಮಗು ಖಡಾಖಂಡಿತವಾಗಿ ಒಲ್ಲೆನೆಂದರೆ ಆಯ್ಕೆ ಕೊಡಿ: ‘ನೀನು ಕಾರು ಎತ್ತುತ್ತೀಯೋ, ಬ್ಲಾಕ್ಸೋ? ಇನ್ನೊಂದು ನಾನು.’ ಆಗಲೂ ಇಲ್ಲವೆಂದರೆ ಶಾಂತವಾಗಿ ನೀವೇ ಎತ್ತಿ ಆ ಒಂದು ಬುಟ್ಟಿಯನ್ನು ನಾಳೆಯವರೆಗೆ ಮೇಲಿಡಿ. ಭಾಷಣ ಬೇಡ. ಮರುದಿನ ಕೇಳಿದಾಗ ಕೊಡಿ. ಪದೇಪದೇ ಅದೇ ಬುಟ್ಟಿಯದ್ದೇ ಗೋಳಾದರೆ ಮಗುವನ್ನಲ್ಲ, ಬುಟ್ಟಿಯನ್ನು ಅನುಮಾನಿಸಿ. ಅದರಲ್ಲಿ ತುಂಡುಗಳು ಹೆಚ್ಚಿರುತ್ತವೆ, ಇಲ್ಲವೇ ಅದರ ಜಾಗ ದೂರವಿರುತ್ತದೆ.

ಮಕ್ಕಳು ಇಬ್ಬರಿದ್ದರೆ ‘ಯಾರು ಆಡಿದರೋ ಅವರೇ ಎತ್ತಲಿ’ ಎಂಬ ನಿಯಮ ಪೊಲೀಸ್ ತನಿಖೆಯಲ್ಲಿ ಮುಗಿಯುತ್ತದೆ. ಅದಕ್ಕಿಂತ ಬಗೆಯಂತೆ ಹಂಚುವುದು ವಾಸಿ: ಅಕ್ಕನಿಗೆ ಪಝಲ್, ತಮ್ಮನಿಗೆ ಚೆಂಡು, ಗೊಂಬೆ. ದೊಡ್ಡ ಮಗುವಿನ ಸಣ್ಣ ತುಂಡುಗಳ ಆಟಿಕೆ ಪುಟ್ಟದರ ಕೈಗೆ ಸಿಗದ ಎತ್ತರದಲ್ಲಿರಲಿ, ಅದರ ಮೇಲೆ ದೊಡ್ಡದಕ್ಕೆ ಪೂರ್ತಿ ಹಕ್ಕಿರಲಿ. ಅಜ್ಜಿ, ತಾತ, ಮನೆಕೆಲಸಕ್ಕೆ ನೆರವಾಗುವವರು ಯಾರಿದ್ದರೂ ಎಲ್ಲರಿಗೂ ಬುಟ್ಟಿಗಳ ಜಾಗ ಗೊತ್ತಿರಬೇಕು. ಒಬ್ಬರು ಪ್ರೀತಿಯಿಂದ ಎಲ್ಲವನ್ನೂ ತಾವೇ ಎತ್ತಿಡುತ್ತಿದ್ದರೆ ಮಗು ಅವರಿಗಾಗಿ ಕಾಯುವುದನ್ನು ಕಲಿಯುತ್ತದೆ. ಅಪ್ಪನ ಚಾರ್ಜರ್, ಅಮ್ಮನ ಬ್ಯಾಗು ನೆಲದ ಮೇಲೇ ಬಿದ್ದಿದ್ದರೆ ಅದನ್ನೂ ಮಗು ನೋಡುತ್ತಿರುತ್ತದೆ.

ಹಂತ 6: ಕೆಡದಂತೆ ನೋಡಿಕೊಳ್ಳುವುದು

ಉಡುಗೊರೆಗಳ ಹೊಳೆ ಹರಿದು ಬಂದಾಗ ಎಲ್ಲವನ್ನೂ ಒಂದೇ ದಿನ ಬಿಚ್ಚಬೇಡಿ. ಒಂದೆರಡು ಹೊರಗೆ, ಉಳಿದವು ನೇರವಾಗಿ ಮುಂದಿನ ಕಂತಿಗೆ. ಏನು ತರಲಿ ಎಂದು ಕೇಳುವ ಆಪ್ತರಿಗೆ ಪುಸ್ತಕ, ಬಣ್ಣ, ಈಗಾಗಲೇ ಇರುವ ಸೆಟ್ಟಿಗೆ ಸೇರುವ ತುಂಡುಗಳನ್ನು ಸೂಚಿಸಿ.

ವಾರಕ್ಕೊಮ್ಮೆ ಅಲೆಮಾರಿ ತುಂಡುಗಳನ್ನು ಮನೆ ಸೇರಿಸಿ. ಇದಕ್ಕಾಗಿ ಒಂದು ಚಿಕ್ಕ ಡಬ್ಬ ಇಟ್ಟು, ಗುಡಿಸುವಾಗ ಸಿಕ್ಕಿದ್ದನ್ನೆಲ್ಲ ಅದರಲ್ಲಿ ಹಾಕುತ್ತ ಹೋಗಿ. ವಾರದ ಕೊನೆಗೆ ಮಗುವಿನ ಮುಂದಿಟ್ಟು ‘ಇವೆಲ್ಲ ಯಾವ ಯಾವ ಮನೆಯವು?’ ಎಂದು ಕೇಳಿ. ನಾಲ್ಕು ದಾಟಿದವರಿಗೆ ಇದು ಒಳ್ಳೆಯ ಆಟವೇ. ಬಾಯಿಗೆ ಹೋಗುವ ಆಟಿಕೆಗಳನ್ನು ಆಗಾಗ ಸೋಪುನೀರಿನಲ್ಲಿ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ ಗುಣವಾದ ಮೇಲೆ ಎಲ್ಲವನ್ನೂ ಒಮ್ಮೆ ತೊಳೆಯಿರಿ.

ಆರು ತಿಂಗಳಿಗೊಮ್ಮೆ ಮೊದಲ ಹಂತಕ್ಕೆ ಮರಳಿ, ಆದರೆ ಈ ಸಲ ಮಗುವನ್ನೇ ಮುಂದೆ ಬಿಡಿ. ಬಟ್ಟಲು, ಚಮಚದ ಆಟ ಮುಗಿದು ಅಂಗಡಿಯಾಟ ಶುರುವಾಗಿರಬಹುದು, ದೊಡ್ಡ ಬ್ಲಾಕ್ಸ್ ಜಾಗಕ್ಕೆ ಸಣ್ಣವು ಬಂದಿರಬಹುದು. ಬುಟ್ಟಿಗಳ ಮೇಲಿನ ಹಳೆಯ ಚಿತ್ರಗಳನ್ನು ಕಿತ್ತು ಹೊಸವನ್ನು ಮಗುವಿನ ಕೈಯಿಂದಲೇ ಅಂಟಿಸಿ. ಸೊಟ್ಟಗೆ ಅಂಟಿದರೆ ಸರಿಪಡಿಸಲು ಹೋಗಬೇಡಿ.